ಹದಿನಾರು ಜನ ಸೇರುವವರೆಗೆ

ನಾನು ಬಿಟ್ಟುಬಂದ ಕುರ್ಚಿಯಲ್ಲಿ ಈಗ ಮೇಘನಾ ಕೂತಿದ್ದಾಳೆ. ನಮ್ಮ ಪರಿಚಯದವರ ಮಗಳು, ಇಲ್ಲೇ ಅಟ್ಲಾಂಟಾದಲ್ಲಿ ಹುಟ್ಟಿ ಬೆಳೆದವಳು. ಕೆಲಸಕ್ಕೆ ಸೇರಿದ ವಾರವೇ ಫೋನ್ ಮಾಡಿ, "ಆಂಟಿ, ಟ್ರೇನಿಂಗ್ ಎಲ್ಲಾ ಆಯ್ತು. ಬಟ್ ಜಾಬ್ ನಿಜವಾಗ್ಲೂ ಹೇಗೆ ಇರತ್ತೆ? ಹಾನೆಸ್ಟ್ ಆಗಿ ಹೇಳಿ" ಎಂದಳು. ಒಳ್ಳೆಯ ಕೆಲಸ, ಒಳ್ಳೆಯ ಜನ ಎಂದು ಏನೋ ಹಾರಿಕೆಯ ಉತ್ತರ ಕೊಟ್ಟೆ. ಫೋನ್ ಇಟ್ಟ ಮೇಲೆ ಬೇಸರವಾಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅವಳಿಗೆ ಕನ್ನಡ ಓದಲು ಬಾರದು, ಅವಳ ತಾಯಿ ಓದಿ ಹೇಳುತ್ತೇನೆಂದಿದ್ದಾರೆ. ಇಂಗ್ಲಿಷಿನಲ್ಲೇ ಬರೆಯಬಹುದಿತ್ತು. ಆದರೆ ನನ್ನ ನೌಕರಿಯಲ್ಲಿ ನಾನು ಮರೆಯಲಾರದ ಘಟನೆ ನಡೆದದ್ದು ಕನ್ನಡದಲ್ಲಿ.

ನಾನು ಅಟ್ಲಾಂಟಾದ ಹೊರವಲಯದ ಒಂದು ಕೌಂಟಿಯ, ಅಂದರೆ ಜಿಲ್ಲೆಯ, ಕೋರ್ಟಿನಲ್ಲಿ ಜ್ಯೂರಿ ಕ್ಲರ್ಕ್ ಆಗಿದ್ದೆ. ಯಾವ ಕೌಂಟಿ ಎಂಬುದು ಬೇಡ. ನಮ್ಮನೆಯವರು ಬಾಗಲಕೋಟೆಯವರು, ನೀರು ಸರಬರಾಜಿನ ಎಂಜಿನಿಯರು. ಅವರ ಕೆಲಸದ ಬೆನ್ನಿಗೆ ನಾನು ಇಲ್ಲಿಗೆ ಬಂದವಳು. ಮಕ್ಕಳು ದೊಡ್ಡವರಾದ ಮೇಲೆ ಈ ಕೆಲಸ ಹಿಡಿದೆ. ವತ್ಸಲಾ ಎನ್ನಲು ಬಾರದೆ ಆಫೀಸಿನವರೆಲ್ಲ ನನ್ನನ್ನು ವ್ಯಾಲ್ ಎಂದು ಕರೆದರು.

ಗ್ರ್ಯಾಂಡ್ ಜ್ಯೂರಿ ಅಂದರೆ ಏನೆಂದು ನಮ್ಮವರಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ಪೊಲೀಸರು ಒಬ್ಬನನ್ನು ದೊಡ್ಡ ಅಪರಾಧದ ಮೇಲೆ ಹಿಡಿದರೆ ಸರಕಾರಿ ವಕೀಲರು ಅವನನ್ನು ನೇರವಾಗಿ ವಿಚಾರಣೆಗೆ ಎಳೆಯುವಂತಿಲ್ಲ. ಮೊದಲು ಊರಿನ ಸಾಮಾನ್ಯ ಜನರ ಒಂದು ಗುಂಪು ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೂತು, ಇದರಲ್ಲಿ ಹುರುಳಿದೆಯೇ ಎಂದು ನೋಡಬೇಕು. ಇದೆ ಎಂದರೆ ಕೇಸು ಮುಂದೆ ಹೋಗುತ್ತದೆ, ಇಲ್ಲ ಎಂದರೆ ಅಲ್ಲಿಗೆ ನಿಲ್ಲುತ್ತದೆ. ನಮ್ಮ ರಾಜ್ಯದಲ್ಲಿ ಆ ಗುಂಪಿನಲ್ಲಿ ಇಪ್ಪತ್ತಮೂರು ಜನರವರೆಗೆ ಇರಬಹುದು. ಆದರೆ ಹದಿನಾರಕ್ಕೆ ಒಬ್ಬರು ಕಡಿಮೆಯಾದರೂ ಕೋಣೆಯ ಬಾಗಿಲು ಮುಚ್ಚುವ ಹಾಗಿಲ್ಲ. ಡ್ರೈವಿಂಗ್ ಲೈಸೆನ್ಸ್ ಇದ್ದವರು, ಮತದಾರರು, ಇವರ ಹೆಸರುಗಳಿಂದ ಕಂಪ್ಯೂಟರ್ ಆರಿಸುತ್ತದೆ. ಆರಿಸಿದವರಿಗೆ ಸಮನ್ಸ್ ಕಳಿಸುವುದು, ಅವರ ಫೋನುಗಳಿಗೆ ಉತ್ತರ ಕೊಡುವುದು, ಬಂದ ದಿನ ಬಾಗಿಲಲ್ಲಿ ನಿಂತು ತಲೆ ಎಣಿಸುವುದು ನನ್ನ ಕೆಲಸ.

ನನ್ನ ಮೇಲಧಿಕಾರಿ ಲೋರೇನ್ ಕಂಪ್ಯೂಟರಿಗೂ ಹಿಂದಿನವಳು. ಮೊದಲೆಲ್ಲ ಊರಿನ ಕೆಲವು ಹಿರಿಯರು ಕೂತು ಯೋಗ್ಯರೆಂದು ತೋರಿದವರ ಹೆಸರುಗಳನ್ನು ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಹಾಕುತ್ತಿದ್ದರಂತೆ. "ಯೋಗ್ಯರು ಅಂತ ಹೇಗೆ ತಿಳೀತಿತ್ತು?" ಎಂದು ಕೇಳಿದೆ. "ಅವರ ಚರ್ಚಿಗೇ ಬರುತ್ತಿದ್ದರಲ್ಲ" ಎಂದು ಲೋರೇನ್ ನಕ್ಕಳು. ಕಂಪ್ಯೂಟರಿಗೆ ಯಾರ ಚರ್ಚಿನ ಪರಿಚಯವೂ ಇಲ್ಲ. ಅಷ್ಟರ ಮಟ್ಟಿಗೆ ಅದು ದೊಡ್ಡ ಸುಧಾರಣೆ. ಆದರೆ ಅದು ಹೆಸರನ್ನಷ್ಟೇ ಆರಿಸುತ್ತದೆ, ಮನುಷ್ಯರನ್ನು ಕರೆತಂದು ಕೂರಿಸುವುದಿಲ್ಲ.

ಬರಲಾರೆ ಎನ್ನುವವರ ನೆಪಗಳನ್ನು ಕೇಳಿ ಕೇಳಿ ನನಗೆ ಅಭ್ಯಾಸವಾಗಿತ್ತು. ಒಬ್ಬ ಮಹಾಶಯ ತಾನು ತೀರಿಕೊಂಡಿದ್ದೇನೆಂದು ತಾನೇ ಬರೆದು ಸಹಿ ಮಾಡಿ ಕಳಿಸಿದ್ದ. ಕೆಲಸದ ವೀಸಾದ ಮೇಲಿರುವ ನಮ್ಮ ಹುಡುಗರಿಗೂ ಲೈಸೆನ್ಸಿನ ದೆಸೆಯಿಂದ ಒಮ್ಮೊಮ್ಮೆ ತಪ್ಪಿ ಸಮನ್ಸ್ ಹೋಗುತ್ತಿತ್ತು. "ಆಂಟಿ, ಕೋರ್ಟಿಂದ ಲೆಟರ್ ಬಂದಿದೆ, ಡಿಪೋರ್ಟ್ ಮಾಡ್ತಾರಾ?" ಎಂದು ನಡುಗುವ ದನಿಯಲ್ಲಿ ಕೇಳುತ್ತಿದ್ದರು. ಸಿಟಿಜನ್ ಅಲ್ಲ ಎಂದು ತೋರಿಸಿದರೆ ಸಾಕು ಎಂದಾಗ ಅವರು ಬಿಡುತ್ತಿದ್ದ ನಿಟ್ಟುಸಿರು ನನಗೆ ಕೇಳಿಸುತ್ತಿತ್ತು. ನಿಜವಾದ ಸಿಟಿಜನ್‌ಗಳು ಹಾಗೆ ಹೆದರುತ್ತಿರಲಿಲ್ಲ. ಹತ್ತಿರದ ನಾರ್‌ಕ್ರಾಸ್ ಊರಿನ ಇಂಡಿಯನ್ ಅಂಗಡಿಯಲ್ಲಿ ನಾನು ಕರಿಬೇವು ಆರಿಸುತ್ತ ನಿಂತಿದ್ದಾಗ ಮಗ್ಗುಲಿಗೆ ಬಂದು, "ಆಂಟಿ, ನೀವೇ ಅಲ್ವಾ ಆ ಆಫೀಸಲ್ಲಿರೋದು? ಒಂದು ಸಣ್ಣ ಹೆಲ್ಪ್" ಎನ್ನುತ್ತಿದ್ದರು. ಅದು ನನ್ನ ಕೈಯಲ್ಲಿಲ್ಲ ಎಂದು ಹೇಳಿ ಕರಿಬೇವು ಬಿಟ್ಟು ಬಂದದ್ದೂ ಉಂಟು.

ಇದೆಲ್ಲ ನಗುತ್ತ ಹೇಳುವ ಮಾತು. ಎರಡು ಸಾವಿರದ ಇಪ್ಪತ್ತರ ವಸಂತದ ನಂತರ ನಗುವ ಹಾಗೆ ಏನೂ ಉಳಿಯಲಿಲ್ಲ.

ಕೋವಿಡ್ ಬಂತು, ಗ್ರ್ಯಾಂಡ್ ಜ್ಯೂರಿ ನಿಂತಿತು. ಮುಚ್ಚಿದ ಕೋಣೆಯಲ್ಲಿ ಅಷ್ಟು ಜನರನ್ನು ಕೂರಿಸುವುದು ಹೇಗೆ? ಅದು ಸರಿಯಾದ ತೀರ್ಮಾನವೇ. ಆದರೆ ಜೈಲು ಮುಚ್ಚಲಿಲ್ಲ. ಜಾಮೀನು ಸಿಗದೆ ಒಳಗಿದ್ದವರು, ತಮ್ಮ ಮೇಲೆ ಕೇಸು ಉಂಟೋ ಇಲ್ಲವೋ ಎಂದು ಹೇಳುವವರೇ ಇಲ್ಲದೆ, ಒಳಗೇ ಉಳಿದರು. ಸಾಮಾನ್ಯ ಕಾಲದಲ್ಲಿ ಹಾಗೆ ಇಟ್ಟುಕೊಳ್ಳಲು ಒಂದು ಗಡುವಿತ್ತು. ತುರ್ತು ಪರಿಸ್ಥಿತಿಯಲ್ಲಿ ಆ ಗಡುವೂ ಮುಂದಕ್ಕೆ ಹೋಯಿತು.

ಮಿಸೆಸ್ ಬ್ಯಾಂಕ್ಸ್ ಎಂಬ ಹೆಂಗಸಿನ ಫೋನು ಶುರುವಾದದ್ದು ಆಗಲೇ. ಅವಳ ಮಗ ಡ್ಯಾರಿಲ್, ಸಾಮಾನು ತಲುಪಿಸುವ ವ್ಯಾನಿನ ಡ್ರೈವರ್. ಒಂದು ಗೋದಾಮಿನ ಬೀಗ ಒಡೆದ ಕೇಸಿನಲ್ಲಿ ಅವನನ್ನು ಹಿಡಿದಿದ್ದರು. ಹಿಂದಿನ ಯಾವುದೋ ಸಣ್ಣ ಕೇಸಿನ ಪ್ರೊಬೇಷನ್, ಅಂದರೆ ನಡತೆಯ ಮೇಲೆ ಕಣ್ಣಿಡುವ ಅವಧಿ, ಇನ್ನೂ ಮುಗಿಯದಿದ್ದುದರಿಂದ ಜಾಮೀನು ಸಿಗಲಿಲ್ಲ. ಗ್ರ್ಯಾಂಡ್ ಜ್ಯೂರಿ ಕೂರಬೇಕು ಎಂದು ಅವಳಿಗೆ ವಕೀಲರು ಹೇಳಿದ್ದರು. ಜ್ಯೂರಿ ಎಂಬ ಹೆಸರಿನಲ್ಲಿ ಅವಳಿಗೆ ಸಿಕ್ಕಿದ್ದು ನಮ್ಮ ಆಫೀಸಿನ ನಂಬರು.

"ಮ್ಯಾಡಮ್, ಅವರು ಯಾವಾಗ ಕೂರುತ್ತಾರೆ?" ಎಂದು ಕೇಳುತ್ತಿದ್ದಳು.

"ಇನ್ನೂ ತಿಳಿದಿಲ್ಲ."

"ಆಗಲಿ. ಮುಂದಿನ ವಾರ ಮತ್ತೆ ಕೇಳುತ್ತೇನೆ. ತೊಂದರೆ ಕೊಡುತ್ತಿದ್ದೇನೆ, ಕ್ಷಮಿಸಿ."

ಕ್ಷಮೆ ಕೇಳುತ್ತಿದ್ದವಳು ಅವಳು. ಕೇಸಿನ ವಿಷಯ ನಮ್ಮ ಕಿವಿಗೆ ಬೀಳಬಾರದು, ಮಾತು ಬೆಳೆಸಬೇಡ ಎಂದು ಲೋರೇನ್ ಎಚ್ಚರಿಸಿದ್ದಳು. ನಾನು ಬೆಳೆಸಲಿಲ್ಲ. ಆದರೂ ಅವಳು ಒಂದೊಂದು ಮಾತು ಹೇಳಿಯೇ ಹೇಳುತ್ತಿದ್ದಳು. ಒಮ್ಮೆ, "ಡ್ಯಾರಿಲ್‌ಗೆ ಮಗಳು ಹುಟ್ಟಿದಳು" ಎಂದಳು. ಇನ್ನೊಮ್ಮೆ, ಮಗು ಮಗುಚಿಕೊಂಡಿತು ಎಂದಳು. ಆಮೇಲೆ ಕೂತಿತು ಎಂದಳು. ಆಫೀಸಿನಲ್ಲಿ ಫೋನ್ ರಿಂಗಾದರೆ ಎತ್ತುವ ಮೊದಲೇ ಕ್ಯಾಲೆಂಡರ್ ನೋಡುತ್ತಿದ್ದೆ.

ಮನೆಯಲ್ಲಿ ನಮ್ಮನೆಯವರು ಕೇಳಿದರು. "ಯಾಕ, ಮಾರಿ ಸಣ್ಣದು ಮಾಡಿ? ಆಫೀಸಿನ್ಯಾಗ ಯಾರರ ಏನರ ಅಂದ್ರೇನು?"

"ಯಾರೂ ಏನೂ ಅನ್ನಂಗಿಲ್ಲ. ಅದಽ ತ್ರಾಸು" ಎಂದೆ.

ಕೊನೆಗೆ ಮರುವರ್ಷ ಮತ್ತೆ ಶುರುಮಾಡಲು ಅಪ್ಪಣೆ ಬಂತು. ದೊಡ್ಡ ಹಾಲಿನಲ್ಲಿ ಕುರ್ಚಿಗಳನ್ನು ದೂರ ದೂರ ಹಾಕಿದೆವು. ಎಂದಿಗಿಂತ ಬಹಳ ಹೆಚ್ಚು ಸಮನ್ಸ್ ಕಳಿಸಿದೆವು. ಕೆಲವು ವಿಳಾಸ ಸಿಗದೆ ವಾಪಸು ಬಂದವು. ಬಾಡಿಗೆ ಅಪಾರ್ಟ್‌ಮೆಂಟುಗಳಿಂದ ಬಂದವೇ ಹೆಚ್ಚು. ಆ ವರ್ಷ ಅಲ್ಲಿ ಎಷ್ಟೋ ಜನ ಮನೆ ಖಾಲಿ ಮಾಡಿದ್ದರು. ವಯಸ್ಸಾದವರಿಗೆ, ಕಾಯಿಲೆಯವರಿಗೆ, ಎಳೆಮಕ್ಕಳ ತಾಯಂದಿರಿಗೆ ರಿಯಾಯಿತಿ ಕೊಟ್ಟೆವು. ಉಳಿದವರಲ್ಲಿ ಹಲವರು ಉತ್ತರವನ್ನೇ ಕೊಡಲಿಲ್ಲ.

ಆ ಬೆಳಿಗ್ಗೆ ಬಾಗಿಲಲ್ಲಿ ನಿಂತು ಎಣಿಸಿದೆ. ಹದಿನೇಳು ಜನ. ಲೋರೇನ್ ಮಾಸ್ಕಿನೊಳಗಿಂದಲೇ, "ಎಷ್ಟು ಬೇಕು ಅಂತ ಯಾರಿಗೂ ಹೇಳಬೇಡ" ಎಂದಳು. ಅದು ನಮ್ಮ ಆಫೀಸಿನ ಹಳೆಯ ಪದ್ಧತಿ. ಒಬ್ಬರು ಇದ್ದರೂ ಹೋದರೂ ವ್ಯತ್ಯಾಸವಿಲ್ಲ ಎಂದು ತಿಳಿದರೆ ಜನ ಜಾರಿಕೊಳ್ಳುತ್ತಾರೆ ಎಂಬ ಹೆದರಿಕೆ.

ಹದಿನೇಳು ಜನರಲ್ಲಿ ಒಬ್ಬನನ್ನು ಕಂಡು ನನಗೆ ಸಂತೋಷವಾಯಿತು. ಕಿರಣ್. ಮೈಸೂರಿನವನು, ಸಾಫ್ಟ್‌ವೇರ್ ಕಂಪನಿಯಲ್ಲಿ ಮ್ಯಾನೇಜರ್. ನಮ್ಮ ಕನ್ನಡದವರ ಕೂಟಗಳಲ್ಲಿ ಮೈಕ್ ಹಿಡಿದು ಕಾರ್ಯಕ್ರಮ ನಡೆಸುವವನು ಅವನೇ. ಸಿಟಿಜನ್ ಆದ ದಿನ ಮನೆಯಲ್ಲಿ ಊಟ ಹಾಕಿಸಿದ್ದ. ಈ ದೇಶ ತನ್ನನ್ನು ನಂಬಿದೆ, ತಾನೂ ಅದರ ನಂಬಿಕೆ ಉಳಿಸಿಕೊಳ್ಳಬೇಕು ಎಂದು ಇಂಗ್ಲಿಷಿನಲ್ಲಿ ಬಹಳ ಚೆನ್ನಾಗಿ ಮಾತನಾಡಿದ್ದ. ನಾವೆಲ್ಲ ಚಪ್ಪಾಳೆ ತಟ್ಟಿದ್ದೆವು. ಅಂದು ನಾನು ಬಾಗಿಲ ಬಳಿ ಗೋಡೆಯ ಮರೆಗಿದ್ದೆ, ಮಾಸ್ಕ್ ಬೇರೆ ಹಾಕಿದ್ದೆ. ಅವನು ನನ್ನನ್ನು ನೋಡಲಿಲ್ಲ.

ನ್ಯಾಯಾಧೀಶರು ಬಂದು ಒಬ್ಬೊಬ್ಬರನ್ನೇ ಎಬ್ಬಿಸಿ ಪ್ರಶ್ನೆ ಕೇಳಿದರು. ಮುಂದಿನ ಸಾಲಿನಲ್ಲಿ ಮಿಸ್ಟರ್ ಚೋಯ್ ಎಂಬ ವೃದ್ಧರಿದ್ದರು, ಕೊರಿಯಾದಿಂದ ಬಂದು ನೆಲೆಸಿದವರು. ಮದುವೆಗೆ ಹೊರಟವರ ಹಾಗೆ ಸೂಟು ಹಾಕಿ ಬಂದಿದ್ದರು. ಮಾಸ್ಕಿನ ಹಿಂದಿನ ಮಾತು ಅವರಿಗೆ ಹಿಡಿಯಲಿಲ್ಲ. ನ್ಯಾಯಾಧೀಶರು ನಿಧಾನವಾಗಿ ಮತ್ತೆ ಕೇಳಿದರು. ಚೋಯ್ ಎರಡೂ ಸಲ, "ಯೆಸ್ ಸರ್, ಐ ಸರ್ವ್" ಎಂದರು. ಕೇಳಿದ್ದ ಪ್ರಶ್ನೆ ಅದಾಗಿರಲಿಲ್ಲ. ಸಾಕ್ಷಿಗಳ ಮಾತು ತಿಳಿಯದವರನ್ನು ಕೂರಿಸುವ ಹಾಗಿಲ್ಲ. ನ್ಯಾಯಾಧೀಶರು ಅವರಿಗೆ ಧನ್ಯವಾದ ಹೇಳಿ ಕಳಿಸಿಕೊಟ್ಟರು. ಬಾಗಿಲಲ್ಲಿ ಚೋಯ್ ನನಗೆ ಬಗ್ಗಿ ನಮಸ್ಕರಿಸಿ, "ಸಾರಿ. ವೆರಿ ಸಾರಿ" ಎಂದರು. ಅವರ ಕಿವಿಗಳು ಕೆಂಪಾಗಿದ್ದವು.

ಉಳಿದವರು ಹದಿನಾರು.

ನ್ಯಾಯಾಧೀಶರು, ಬೇರೆ ಯಾರಿಗಾದರೂ ತೊಂದರೆ ಇದೆಯೇ ಎಂದು ಕೇಳಿದರು. ಕಿರಣ್ ಎದ್ದು ನಿಂತ. "ಯುವರ್ ಆನರ್, ಮೈ ಇಂಗ್ಲಿಷ್ ನಾಟ್ ಗುಡ್" ಎಂದ. ಪದಗಳನ್ನು ಬೇಕೆಂದೇ ಒಡೆದು ಒಡೆದು ಹೇಳಿದ. ನನ್ನ ಕಿವಿಯನ್ನು ನಾನು ನಂಬಲಿಲ್ಲ.

"ನಿಮ್ಮ ಭಾಷೆ ಯಾವುದು?"

"ಕನ್ನಡ."

ನ್ಯಾಯಾಧೀಶರು ಹಾಲಿನ ಹಿಂಭಾಗಕ್ಕೆ ನೋಡಿದರು. ನಾನು ಯಾವ ಭಾಷೆಯವಳೆಂದು ಹಿಂದೊಮ್ಮೆ ಅವರು ಕೇಳಿದ್ದರು, ನಾನು ಹೆಮ್ಮೆಯಿಂದ ಹೇಳಿದ್ದೆ. "ವ್ಯಾಲ್, ಅದು ನಿನ್ನ ಭಾಷೆಯಲ್ಲವೇ? ಸ್ವಲ್ಪ ಮುಂದೆ ಬಂದು ಸಹಾಯ ಮಾಡು. ಅವರಿಗೆ ಏನು ತೊಂದರೆ ಅಂತ ಕೇಳು."

ಕಿರಣ್ ತಿರುಗಿದ. ಮಾಸ್ಕಿನ ಮೇಲೆ ಅವನ ಕಣ್ಣುಗಳು ದೊಡ್ಡವಾದವು. ಹತ್ತಿರ ಹೋಗಿ, "ಏನು ತೊಂದ್ರಿ ಕಿರಣ್?" ಎಂದೆ. ಆ ಕೋರ್ಟಿನಲ್ಲಿ ಕನ್ನಡ ಮಾತು ಕೇಳಿಬಂದದ್ದು ಬಹುಶಃ ಅದೇ ಮೊದಲು.

ಅವನು ದನಿ ತಗ್ಗಿಸಿ ಗಡಿಬಿಡಿಯಲ್ಲಿ ಹೇಳಿದ. "ಆಂಟಿ, ಪ್ಲೀಸ್, ಇವನಿಗೆ ಇಂಗ್ಲಿಷ್ ಬರಲ್ಲ ಅಂತ ಹೇಳ್ಬಿಡಿ. ಈ ವಾರ ಕ್ಲೈಂಟ್‌ದು ಗೋ-ಲೈವ್ ಇದೆ. ಇಲ್ಲಿ ಎರಡು ತಿಂಗಳು ಕೂತ್ರೆ ಪ್ರಾಜೆಕ್ಟ್ ಬೇರೆಯವರಿಗೆ ಹೋಗ್ಬಿಡತ್ತೆ. ಯಾರಿಗೂ ಗೊತ್ತಾಗಲ್ಲ ಆಂಟಿ."

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಆ ಹಾಲಿನಲ್ಲಿ ಕನ್ನಡ ತಿಳಿದವರು ನಾವಿಬ್ಬರೇ. ನಾನು ಏನು ಹೇಳಿದರೂ ಅದೇ ಸತ್ಯವಾಗುತ್ತಿತ್ತು. ಬಹಳ ಯೋಚಿಸಿದೆ ಎಂದು ಹೇಳಿದರೆ ಸುಳ್ಳಾದೀತು. ಮಿಸ್ಟರ್ ಚೋಯ್ ಅವರ ಕೆಂಪಾದ ಕಿವಿ ಇನ್ನೂ ಕಣ್ಣ ಮುಂದಿತ್ತು. ಸಿಟ್ಟು ಬಂದಿತ್ತು. ನಾನು ನ್ಯಾಯಾಧೀಶರ ಕಡೆ ತಿರುಗಿ, ಅವನು ಹೇಳಿದ್ದನ್ನು ಮಾತಿಗೆ ಮಾತು ಇಂಗ್ಲಿಷಿನಲ್ಲಿ ಹೇಳಿದೆ. ತನಗೆ ಇಂಗ್ಲಿಷ್ ಬಾರದೆಂದು ಹೇಳಿಬಿಡಲು ಕೇಳುತ್ತಿದ್ದಾರೆ, ಈ ವಾರ ಅವರ ಕೆಲಸದಲ್ಲಿ ಮುಖ್ಯವಾದ ದಿನವಿದೆ, ಯಾರಿಗೂ ಗೊತ್ತಾಗುವುದಿಲ್ಲ ಎನ್ನುತ್ತಿದ್ದಾರೆ, ಎಂದೆ.

ಹಿಂದೆ ಯಾರೋ ಕಿಸಕ್ಕೆಂದು ನಕ್ಕರು. ನ್ಯಾಯಾಧೀಶರು ನಗಲಿಲ್ಲ. ಕಿರಣ್‌ನನ್ನೇ ನೋಡುತ್ತ, "ಇವರು ಈಗ ಹೇಳಿದ್ದು ಸರಿಯಾಗಿದೆಯೇ?" ಎಂದು ಕೇಳಿದರು.

"ಯೆಸ್, ಯುವರ್ ಆನರ್" ಎಂದ ಕಿರಣ್. ಈ ಸಲ ಅವನ ಇಂಗ್ಲಿಷ್ ಎಂದಿನಂತೆ ನುಣುಪಾಗಿತ್ತು.

"ಕೂತುಕೊಳ್ಳಿ."

ಅವನು ಕೂತ. ಹದಿನಾರು ಜನ ಕೈಯೆತ್ತಿ ಪ್ರಮಾಣ ಮಾಡಿದರು. ಕೋರ್ಟಿನ ಕಾವಲು ಅಧಿಕಾರಿ ಅವರನ್ನು ಒಳಗೆ ಕರೆದುಕೊಂಡು ಹೋದ, ಬಾಗಿಲು ಮುಚ್ಚಿತು. ಗೆದ್ದೆ ಎಂದು ಅನ್ನಿಸಬೇಕಿತ್ತು. ನಾನು ಬಾತ್‌ರೂಮಿಗೆ ಹೋಗಿ ಮಾಸ್ಕ್ ತೆಗೆದು ಮುಖ ತೊಳೆದೆ, ಮತ್ತೆ ಮತ್ತೆ ತೊಳೆದೆ. ಆ ನ್ಯಾಯಾಲಯದಲ್ಲಿ ನನ್ನ ಭಾಷೆ ಮೊದಲ ಸಲ ಬಾಯಿ ತೆರೆದದ್ದು ಒಂದು ಸುಳ್ಳನ್ನು ಬೇಡಲು. ಅದಕ್ಕೆ ನಾಚಿಕೆಯಾಯಿತು. ಮನೆಯಲ್ಲಿ ನನಗೆ ಊಟ ಬಡಿಸಿದ ಹುಡುಗ ನನ್ನನ್ನು ನಂಬಿ ಪಿಸುಗುಟ್ಟಿದ್ದನ್ನು ಅಷ್ಟು ಜನರ ಮುಂದೆ ಹರವಿದೆನಲ್ಲ, ಅದಕ್ಕೂ ನಾಚಿಕೆಯಾಯಿತು. ಎರಡೂ ಒಟ್ಟಿಗೆ ಇರಬಹುದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಮಧ್ಯಾಹ್ನ ನ್ಯಾಯಾಧೀಶರು ತಮ್ಮ ಕೋಣೆಗೆ ಕರೆದರು. "ಆ ಮನುಷ್ಯ ನಿನಗೆ ಗೊತ್ತೇ?"

"ಗೊತ್ತು."

"ಮೊದಲೇ ಹೇಳಬೇಕಿತ್ತು. ನೀನು ಹಿಂದೆ ಸರಿಯಬಹುದಿತ್ತು."

"ಹೌದು ಸರ್."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ತಪ್ಪು ನನ್ನದು. ಪ್ರಮಾಣ ಮಾಡಿದ ದುಭಾಷಿಯನ್ನು ಕರೆಸದೆ ಕ್ಲರ್ಕನ್ನು ಕರೆದೆ. ನಿನ್ನನ್ನು ಆ ಜಾಗದಲ್ಲಿ ನಿಲ್ಲಿಸಬಾರದಿತ್ತು" ಎಂದರು. ಅಂದಿನಿಂದ ನಮ್ಮ ಕೋರ್ಟಿನಲ್ಲಿ ಭಾಷೆಯ ಪ್ರಶ್ನೆ ಬಂದರೆ ಫೋನಿನಲ್ಲಿ ದುಭಾಷಿಯನ್ನು ಹಿಡಿಯುವ ಪದ್ಧತಿ ಬಂತು. ಮೇಘನಾ, ನಿನಗೆ ಟ್ರೇನಿಂಗಿನಲ್ಲಿ ಕಲಿಸಿದ ಆ ನಿಯಮ ಹುಟ್ಟಿದ್ದು ಹೀಗೆ.

ಕಿರಣ್ ಆಮೇಲೆ ಒಂದು ದಿನವೂ ತಪ್ಪಿಸಲಿಲ್ಲ. ನನ್ನ ಕಿಟಕಿಯ ಮುಂದೆ ಹಾಯ್ದು ಹೋಗುವಾಗ ಫೋನ್ ನೋಡುತ್ತ ಹೋಗುತ್ತಿದ್ದ. ಅವನ ಹೆಂಡತಿ ನನ್ನ ಫೋನ್ ಎತ್ತುವುದನ್ನು ಬಿಟ್ಟಳು. ನಮ್ಮವರಲ್ಲಿ ಸುದ್ದಿ ಹೇಗೋ ಹಬ್ಬಿತು, ಆದರೆ ನಡೆದ ಹಾಗೆ ಹಬ್ಬಲಿಲ್ಲ. ವತ್ಸಲಾ ಆಂಟಿ ನಮ್ಮ ಹುಡುಗನನ್ನೇ ಜಡ್ಜಿಗೆ ಹಿಡಿದುಕೊಟ್ಟರಂತೆ ಎಂದು ಹಬ್ಬಿತು. ನಾನು ತಿದ್ದಲು ಹೋಗಲಿಲ್ಲ. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ.

ಗ್ರ್ಯಾಂಡ್ ಜ್ಯೂರಿ ಒಳಗೆ ಏನು ಮಾತನಾಡಿತೆಂದು ಯಾರೂ ಹೊರಗೆ ಹೇಳುವಂತಿಲ್ಲ. ತೀರ್ಮಾನ ಮಾತ್ರ ಹೊರಬರುತ್ತದೆ. ಹಾಗೆ ಹೊರಬಂದ ತೀರ್ಮಾನಗಳಲ್ಲಿ ಡ್ಯಾರಿಲ್‌ನದೂ ಇತ್ತು. ಕೇಸು ಮುಂದೆ ಹೋಗುವಷ್ಟು ಹುರುಳಿಲ್ಲ. ಅವನ ಬಿಡುಗಡೆಯಾಯಿತು.

ಆ ವಾರ ಮಿಸೆಸ್ ಬ್ಯಾಂಕ್ಸ್ ಫೋನ್ ಮಾಡಲಿಲ್ಲ. ಕೆಲವು ದಿನದ ಮೇಲೆ ಒಂದು ಮಧ್ಯಾಹ್ನ ನನ್ನ ಕಿಟಕಿಯ ಮುಂದೆ ಒಬ್ಬ ಗಿಡ್ಡನೆಯ ಹೆಂಗಸು ಮಗುವನ್ನೆತ್ತಿಕೊಂಡು ಬಂದು ನಿಂತಳು. ಪಕ್ಕದಲ್ಲಿ ತೆಳ್ಳಗಿನ ಯುವಕ. ಅವಳು ಬಾಯಿ ತೆರೆದ ಕೂಡಲೇ ದನಿ ಗುರುತಾಯಿತು.

"ಫೋನ್ ಎತ್ತುತ್ತಿದ್ದವರು ನೀವೇ ತಾನೆ? ಬೇರೆ ಯಾವ ಆಫೀಸಿನವರೂ ಎತ್ತುತ್ತಿರಲಿಲ್ಲ. ಇವನು ಡ್ಯಾರಿಲ್. ನಿಮಗೆ ಥ್ಯಾಂಕ್ಸ್ ಹೇಳಿ ಹೋಗೋಣ ಅಂತ ಕರೆದುಕೊಂಡು ಬಂದೆ."

"ನಾನು ಏನೂ ಮಾಡಲಿಲ್ಲ" ಎಂದೆ. ಅದು ವಿನಯದ ಮಾತಾಗಿರಲಿಲ್ಲ.

ಡ್ಯಾರಿಲ್ ಮಗುವಿಗೆ ಕೈ ಚಾಚಿದ. ಅದು ಅಜ್ಜಿಯ ಕುತ್ತಿಗೆಯನ್ನು ಬಿಗಿಯಾಗಿ ಹಿಡಿದು ಅಳತೊಡಗಿತು. ಅವನು ಕೈ ಹಿಂದಕ್ಕೆ ತೆಗೆದುಕೊಂಡು ಪ್ಯಾಂಟಿನ ಜೇಬಿಗೆ ಹಾಕಿದ. "ಇನ್ನೂ ಗುರುತು ಹತ್ತಿಲ್ಲ. ಹತ್ತುತ್ತೆ" ಎಂದಳು ಮಿಸೆಸ್ ಬ್ಯಾಂಕ್ಸ್. ಅವರ ಹಿಂದೆ, ಕಂಪನಿಗೆ ಕೊಡುವ ಹಾಜರಿ ಪತ್ರಕ್ಕಾಗಿ ಕಿರಣ್ ಬಂದು ನಿಂತಿದ್ದ. ಅವನು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಆದರೆ ಜ್ಯೂರಿಯ ಕೋಣೆಯಲ್ಲಿ ಕೇಳಿದ್ದ ಡ್ಯಾರಿಲ್ ಎಂಬ ಹೆಸರು ಅವನ ಕಿವಿಗೆ ಬಿದ್ದಿತ್ತು.

"ಆ ಜನರಿಗೂ ಥ್ಯಾಂಕ್ಸ್ ಹೇಳಬೇಕಿತ್ತು" ಎಂದಳು ಅವಳು.

"ಅದಕ್ಕೆ ಅವಕಾಶವಿಲ್ಲ, ಮ್ಯಾಡಮ್."

"ಗೊತ್ತು. ಎಂಥ ಜನ ಅವರು? ಇಂಥ ಕಾಯಿಲೆಯ ನಡುವೆ, ಯಾರದೋ ಮಗನಿಗಾಗಿ ಮನೆ ಬಿಟ್ಟು ಬಂದು ಕೂತರಲ್ಲ. ಒಳ್ಳೆಯ ಜನ ಇರಬೇಕು."

ನಾನು ಗಾಜಿನಾಚೆ ಕಿರಣ್‌ನ ಮುಖ ನೋಡಲಿಲ್ಲ. "ಹೌದು, ಮ್ಯಾಡಮ್" ಎಂದೆ. ಅವಳು ಅಷ್ಟಕ್ಕೇ ತೃಪ್ತಳಾಗಿ, ಮಗುವನ್ನು ಸಮಾಧಾನ ಮಾಡುತ್ತ ಹೊರಟಳು. ಕಿರಣ್ ಓಡಿಹೋಗಿ ಅವರಿಗೆ ಬಾಗಿಲು ತೆರೆದು ಹಿಡಿದ. ಅವಳು, "ದೇವರು ನಿನಗೆ ಒಳ್ಳೆಯದು ಮಾಡಲಿ, ಮಗೂ" ಎಂದು ಹೇಳಿ ಹೋದಳು.

ಅವನು ಕಿಟಕಿಗೆ ವಾಪಸು ಬಂದ. ಆಮೇಲೆ ಕನ್ನಡದಲ್ಲಿ ಕೇಳಿದ. "ಆಂಟಿ, ಅವತ್ತು ನನ್ನನ್ನ ಬಿಟ್ಟಿದ್ರೆ?"

"ಹದಿನೈದ ಮಂದಿ ಉಳೀತಿದ್ರು. ಹದಿನಾರು ಬೇಕಽ ಬೇಕು. ಎಲ್ಲಾರನ್ನೂ ಮನಿಗೆ ಕಳಿಸ್ತಿದ್ವಿ."

"ಮತ್ತೆ ಒಳಗಿರೋರು?"

"ಒಳಗಽ ಇರ್ತಿದ್ರು, ಮುಂದಿನ ತಾರೀಖಿನ ತನಕ."

"ನಂಗೆ ಗೊತ್ತಿರ್ಲಿಲ್ಲ ಆಂಟಿ. ಅಷ್ಟು ಜನ ಇದಾರೆ, ನಾನೊಬ್ಬ ಹೋದ್ರೆ ಏನು ಅಂದ್ಕೊಂಡೆ. ಯಾರೂ ಹೇಳ್ಲಿಲ್ಲ ನಮಗೆ."

"ಹೌದು, ನಾವು ಹೇಳಿರಲಿಲ್ಲ" ಎಂದೆ. ನಾನೇ ಬಾಗಿಲಲ್ಲಿ ನಿಂತು, ಸಂಖ್ಯೆಯನ್ನು ಬಾಯಲ್ಲಿ ಇಟ್ಟುಕೊಂಡು, ಸುಮ್ಮನಿದ್ದವಳು. ಅವನ ಪತ್ರಕ್ಕೆ ಮುದ್ರೆ ಒತ್ತಿ ಕೊಟ್ಟೆ. ಅವನು ತೆಗೆದುಕೊಂಡು ಹೋದ.

ಮರುದಿನ ಲೋರೇನ್ ಬಳಿ ಹೋಗಿ, ಇನ್ನು ಮುಂದೆ ಬಂದವರಿಗೆ ಎಷ್ಟು ಜನ ಬೇಕೆಂದು, ಜೈಲಿನಲ್ಲಿ ಕಾಯುತ್ತಿರುವವರು ಇದ್ದಾರೆಂದು ಮೊದಲೇ ಹೇಳೋಣ ಎಂದೆ. ಅವಳು ಒಪ್ಪಲಿಲ್ಲ. ನಾನು ಪಟ್ಟು ಹಿಡಿದೆ. ಕೊನೆಗೆ ನ್ಯಾಯಾಧೀಶರೇ ಒಪ್ಪಿ, ತಾವೇ ಹೇಳತೊಡಗಿದರು. ಅದರಿಂದ ಎಲ್ಲರೂ ಬದಲಾದರು ಎಂದೇನೂ ನಾನು ಹೇಳುವುದಿಲ್ಲ. ನೆಪ ಹೇಳುವವರು ಆಮೇಲೂ ಹೇಳಿದರು. ಆದರೆ ಕೆಲವರು ಎದ್ದವರು ಮತ್ತೆ ಕೂತದ್ದನ್ನು ನೋಡಿದ್ದೇನೆ. ಮೇಘನಾ, ಮುಂದೆ ಬರುವ ನ್ಯಾಯಾಧೀಶರು ಇದನ್ನು ಬಿಟ್ಟುಬಿಟ್ಟರೆ ನೀನು ನೆನಪಿಸಬೇಕು. ಕೆಲಸ ಹೇಗಿರುತ್ತದೆ ಎಂದು ಕೇಳಿದೆಯಲ್ಲ, ಹೀಗಿರುತ್ತದೆ. ಯಾರ ಹೆಸರು ಬರಬೇಕೆಂಬುದು ನಿನ್ನ ಕೈಯಲ್ಲಿಲ್ಲ. ಬಂದವರಿಗೆ ತಾವು ಯಾಕೆ ಬಂದಿದ್ದೇವೆಂದು ತಿಳಿದಿದೆಯೇ ಎಂಬುದು ಸ್ವಲ್ಪ ಮಟ್ಟಿಗೆ ನಿನ್ನ ಕೈಯಲ್ಲಿದೆ.

ಹೋದ ಯುಗಾದಿಗೆ ನಮ್ಮ ಕೂಟದ ಊಟವಿತ್ತು. ನಾವು ಪಂಕ್ತಿಯಲ್ಲಿ ಕೂತಿದ್ದೆವು. ಕಿರಣ್ ಹೋಳಿಗೆ ಬಡಿಸುತ್ತ ಬಂದ. ನನ್ನ ಎಲೆಯ ಮುಂದೆ ಅವನ ಕೈ ಒಂದು ಕ್ಷಣ ನಿಂತಿತು.

"ಹಾಕ್ಲಾ ಆಂಟಿ?"

"ಒಂದು ಸಾಕು."

ಹಾಕಿದ. ಹೋಗಲಿಲ್ಲ. "ಇನ್ನೊಂದ್ಸಲ ಸಮನ್ಸ್ ಬರತ್ತಾ ನಂಗೆ?"

"ಅದು ಕಂಪ್ಯೂಟರ್ ಕೈಯಾಗ ಐತಿ. ಬಂದರೂ ಬರಬಹುದು."

"ಬಂದ್ರೆ ಬರ್ತೀನಿ" ಎಂದ. ಅದನ್ನು ಹೇಳುವಾಗ ಅವನು ತಟ್ಟೆ ನೋಡುತ್ತಿದ್ದ. ನಾನು ಎಲೆ ನೋಡುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ನಮ್ಮನೆಯವರು, "ಇನ್ನೊಂದು ಹಾಕಪ್ಪ ಆಕಿಗೆ, ಹೋಳಿಗಿ ಅಂದ್ರ ಜೀವ" ಎಂದರು. ಕಿರಣ್ ಇನ್ನೊಂದು ಹಾಕಿ, ಮುಂದಿನ ಎಲೆಗೆ ಸರಿದ.